ಮಣ್ಣಿಗೊಂದು ಜಾಗ

ನಮ್ಮ ಕಡೆ ಸಾವಿನ ಮನೆಗೆ ಹೋಗಿ ಬಂದವರನ್ನು ಎಲ್ಲಿಗೆ ಹೋಗಿದ್ರಿ ಅಂತ ಕೇಳಿದರೆ "ಮಣ್ಣಿಗೆ ಹೋಗಿದ್ವಿ" ಅಂತಾರೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಲ್ಲಾ ಕಡೆ ಇದೇ ಮಾತು. ಕುಣಿ ತೋಡಿರ್ತಾರೆ, ಸುತ್ತ ನಿಂತವರು ಒಂದೊಂದು ಹಿಡಿ ಮಣ್ಣು ಹಾಕಿ ಬರ್ತಾರೆ. ತಮಾಷೆ ಅಂದ್ರೆ ಆ ಜಾಗಕ್ಕೆ ನಾವು ಕರೆಯೋದು ಸುಡಗಾಡು ಅಂತ. ಸುಡುವ ಕಾಡು! ಅಲ್ಲಿ ಸುಟ್ಟಿದ್ದನ್ನು ನಾನು ನೋಡಿದ್ದು ಒಂದೋ ಎರಡೋ ಸಲ. ಲಿಂಗಾಯತರು ಕೂರಿಸಿ ಹೂಳ್ತಾರೆ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಪತ್ರಿ ಹಾಕಿ. ಕುರುಬರು, ಮಾದಿಗರು, ಇನ್ನೂ ಹತ್ತಾರು ಜಾತಿಯವರು ಹೂಳ್ತಾರೆ. ಮುಸಲ್ಮಾನರು ದಫನ್ ಮಾಡ್ತಾರೆ. ಸುಡೋದು ಬ್ರಾಹ್ಮಣರು, ವೈಶ್ಯರು, ಇನ್ನು ಕೆಲವರು. ಯಲಬುರ್ಗಾ, ಕುಷ್ಟಗಿ ಕಡೆಯ ಎರಿ ಹೊಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದು ಜಾಲಿ, ಎರಡು ಬೇವು. ಒಂದು ಹೆಣ ಸುಡುವಷ್ಟು ಕಟ್ಟಿಗೆ ಎಲ್ಲಿಂದ ತರೋದು?

ಇಂಥಾ ಕಡೆಯಿಂದ ಬಂದವನಿಗೆ ಬೆಂಗಳೂರಿನ ಆಫೀಸಿನಲ್ಲಿ ಊಟದ ಟೇಬಲ್ಲಿನ ಮೇಲೆ ಕೇಳಿದ ಪ್ರಶ್ನೆ ವಿಚಿತ್ರ ಅನ್ನಿಸಿತು. 2025ರ ಜನವರಿ. ಛತ್ತೀಸಗಡದ ಬಸ್ತರಿನ ಹಳ್ಳಿಯೊಂದರಲ್ಲಿ ತೀರಿಕೊಂಡ ಕ್ರೈಸ್ತ ಪಾಸ್ಟರ್ ಒಬ್ಬರನ್ನು ಅವರ ಊರಲ್ಲೇ ಹೂಳೋಕೆ ಬಿಡದೆ, ಶವ ಮಾರ್ಚರಿಯಲ್ಲಿಟ್ಟು, ಮಗ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದ ಸುದ್ದಿ ಮೊಬೈಲಿನಲ್ಲಿ ಓಡ್ತಾ ಇತ್ತು. ಸಹೋದ್ಯೋಗಿಯೊಬ್ಬರು ಅಂದ್ರು: "ಇಷ್ಟೆಲ್ಲ ರಾದ್ಧಾಂತ ಯಾಕೆ, ಸುಟ್ಟುಬಿಡಬಾರದಾ? ಪೋಪೇ ಸುಡಬಹುದು ಅಂದಿದಾರಂತಲ್ಲ. ಜಾಗಾನೂ ಉಳಿಯುತ್ತೆ." ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಸುಡೋದೇ ಸಹಜ, ಹೂಳೋದು ಹಟ ಅನ್ನೋ ಒಂದು ಊಹೆ ಅದರಲ್ಲಿತ್ತು. ನಾನು ಕ್ರೈಸ್ತನಲ್ಲ. ನಮ್ಮ ಮನೆಯಲ್ಲೂ ಹೂಳೋದೇ. ಹಾಗಾಗಿ ಆ ಹಟದಲ್ಲಿ ನನಗೂ ಪಾಲಿದೆ ಅನ್ನಿಸಿ, ಪೋಪ್ ನಿಜವಾಗಿ ಏನಂದಿದ್ದಾರೆ ಅಂತ ಹುಡುಕಿ ಓದಿದೆ.

ಸಿಕ್ಕಿದ್ದು ವ್ಯಾಟಿಕನ್ನಿನ ಒಂದು ಸಣ್ಣ ದಸ್ತಾವೇಜು. ಹೆಸರು 'ಆದ್ ರೆಸುರ್ಜೆಂದುಮ್ ಕುಮ್ ಕ್ರಿಸ್ತೊ', ಅಂದ್ರೆ ಕ್ರಿಸ್ತನ ಜೊತೆ ಎದ್ದು ಬರಲು. 2016ರ ಅಕ್ಟೋಬರಿನಲ್ಲಿ ಹೊರಬಂತು. ಆಗ ವಿಶ್ವಾಸ ಸಿದ್ಧಾಂತದ ವಿಭಾಗದ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಗೆರ್ಹಾರ್ಡ್ ಮ್ಯೂಲರ್ ಅವರ ಸಹಿ, ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆ. ಎಂಟೇ ಅಂಕಗಳು. ಒಂದು ಕೂತಿಗೆ ಓದಿ ಮುಗಿಸಬಹುದು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ ಹೂಳೋದು ಡೀಫಾಲ್ಟ್. ಸುಡೋಕೆ ಅಡ್ಡಿ ಇಲ್ಲ, ಆದರೆ ಕ್ರೈಸ್ತ ನಂಬಿಕೆಯನ್ನು ಧಿಕ್ಕರಿಸೋಕೆ ಅಂತ ಸುಡಬಾರದು. ಸುಟ್ಟ ಮೇಲೆ ಬೂದಿಯನ್ನು ಸಮಾಧಿಭೂಮಿ, ಚರ್ಚು ಅಥವಾ ಅದಕ್ಕೆಂದೇ ಮೀಸಲಿಟ್ಟ ಪವಿತ್ರ ಜಾಗದಲ್ಲಿಡಬೇಕು. ಮನೆಯಲ್ಲಿ ಇಟ್ಟುಕೊಳ್ಳಬಾರದು, ಅಣ್ಣತಮ್ಮಂದಿರು ಹಂಚಿಕೊಳ್ಳಬಾರದು, ಗಾಳಿಯಲ್ಲಿ ನೀರಲ್ಲಿ ತೂರಬಾರದು, ಒಡವೆ ಮಾಡಿ ಕೊರಳಿಗೆ ಹಾಕಿಕೊಳ್ಳಬಾರದು. (ಒಡವೆ ಮಾಡ್ತಾರೆ ಅಂತ ನನಗೆ ಗೊತ್ತಾಗಿದ್ದೇ ಇದನ್ನು ಓದಿ.) 2023ರ ಡಿಸೆಂಬರಿನಲ್ಲಿ ಇಟಲಿಯ ಕಾರ್ಡಿನಲ್ ಒಬ್ಬರ ಪ್ರಶ್ನೆಗೆ ಉತ್ತರ ಕೊಡ್ತಾ ವ್ಯಾಟಿಕನ್ ಸ್ವಲ್ಪ ಸಡಿಲ ಮಾಡಿತು: ಹಲವರ ಬೂದಿಯನ್ನು ಒಂದೇ ಪವಿತ್ರ ಜಾಗದಲ್ಲಿ ಸೇರಿಸಿ ಇಡಬಹುದು, ತೀರಿಕೊಂಡವರಿಗೆ ಮುಖ್ಯವಾಗಿದ್ದ ಜಾಗದಲ್ಲಿ ಒಂದಿಷ್ಟೇ ಇಷ್ಟನ್ನು ಉಳಿಸಿಕೊಳ್ಳೋದನ್ನೂ ಪರಿಶೀಲಿಸಬಹುದು ಅಂತ.

ಇದಕ್ಕೂ ಹಿಂದಿನ ಕತೆ ಉದ್ದ ಇದೆ, ಬೇಗ ಹೇಳಿಬಿಡ್ತೀನಿ. ರೋಮಿನಲ್ಲಿ ಸುಡುವವರ ನಡುವೆ ಹೂಳುವವರಾಗಿ ಕ್ರೈಸ್ತರು ಬೇರೆ ಕಂಡರು. 177ರಲ್ಲಿ ಲಿಯೋನಿನ ಹುತಾತ್ಮರನ್ನು ಕೊಂದವರು ಅವರ ಮೈಗಳನ್ನು ಸುಟ್ಟು ರೋನ್ ನದಿಗೆ ಬೂದಿ ಎಸೆದರು, ಇನ್ನು ಹೇಗೆ ಎದ್ದು ಬರ್ತಾರೋ ನೋಡೋಣ ಅಂತ. ಷಾರ್ಲೆಮೇನ್ 785ರ ಹೊತ್ತಿಗೆ ಸ್ಯಾಕ್ಸನ್ನರಿಗೆ ಹೆಣ ಸುಟ್ಟರೆ ಮರಣದಂಡನೆ ಅಂತ ಕಾನೂನು ಮಾಡಿದ. ಸಾವಿರ ವರ್ಷ ಯುರೋಪಿನಲ್ಲಿ ಸುಡೋ ಮಾತೇ ಇರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮತ್ತೆ ಶುರುವಾಯ್ತು. 1876ರಲ್ಲಿ ಮಿಲಾನಿನಲ್ಲಿ ಚಿತಾಗಾರ ಬಂತು, ಇಂಗ್ಲೆಂಡಿನಲ್ಲಿ ಸರ್ ಹೆನ್ರಿ ಥಾಂಪ್ಸನ್ ಅನ್ನೋ ಶಸ್ತ್ರವೈದ್ಯ ದಹನ ಸಂಘ ಕಟ್ಟಿದ. ಇಟಲಿಯಲ್ಲಿ ಇದನ್ನು ಹೆಚ್ಚಾಗಿ ಎತ್ತಿ ಹಿಡಿದಿದ್ದು ಚರ್ಚಿನ ವಿರೋಧಿಗಳು, ಫ್ರೀಮೇಸನ್ನರು. ಅದಕ್ಕೇ 1886ರಲ್ಲಿ ರೋಮ್ ಸುಡೋದನ್ನು ನಿಷೇಧಿಸಿತು. 1963ರಲ್ಲಿ ಆ ನಿಷೇಧ ಹೋಯ್ತು. ಪ್ರಾಟೆಸ್ಟಂಟರು ಅದಕ್ಕೂ ಮೊದಲೇ ಒಪ್ಪಿದ್ದರು; ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಅವರನ್ನೇ 1944ರಲ್ಲಿ ಸುಟ್ಟರು. ಇವತ್ತು ಇಂಗ್ಲೆಂಡಿನಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಚಿತಾಗಾರಕ್ಕೇ ಹೋಗ್ತಾರೆ. ಆರ್ಥಡಾಕ್ಸ್ ಚರ್ಚುಗಳು ಮಾತ್ರ ಈಗಲೂ ಒಪ್ಪಿಲ್ಲ. ಗ್ರೀಸಿಗೆ ಮೊದಲ ಚಿತಾಗಾರ ಬಂದಿದ್ದೇ 2019ರಲ್ಲಿ.

ಈಗ ನನ್ನ ತಕರಾರು. 2016ರ ಈ ದಸ್ತಾವೇಜು ಹೂಳೋದೇ ಮೇಲು ಅನ್ನೋದಕ್ಕೆ ಎರಡು ಕಾರಣ ಕೊಡುತ್ತೆ. ಮೊದಲನೇದು ಪುನರುತ್ಥಾನ: ಮೈಯನ್ನು ಮಣ್ಣಿಗಿಟ್ಟರೆ ಅದು ಮತ್ತೆ ಎದ್ದೇಳುತ್ತೆ ಅನ್ನೋ ನಂಬಿಕೆ ಎದ್ದು ಕಾಣುತ್ತೆ. ಎರಡನೇದು ನೆನಪು: ಸತ್ತವರಿಗೆ ಎಲ್ಲರೂ ಬರಬಹುದಾದ ಒಂದು ಜಾಗ ಇದ್ದರೆ ಜನ ಅವರಿಗಾಗಿ ಪ್ರಾರ್ಥಿಸ್ತಾರೆ, ಒಂದು ತಲೆಮಾರು ದಾಟಿದ ಮೇಲೂ ಮರೆಯೋದಿಲ್ಲ. ಬರೆದವರು ಮೊದಲನೇದಕ್ಕೆ ಜಾಸ್ತಿ ತೂಕ ಕೊಟ್ಟಿದ್ದಾರೆ. ಎರಡನೇದು ಸುಮ್ಮನೆ ಪಕ್ಕದಲ್ಲಿ ಬಂದು ಹೋಗುತ್ತೆ. ಕೊಪ್ಪಳದಲ್ಲಿ ಕೂತು ಓದಿದರೆ ತಕ್ಕಡಿ ತಿರುಗುಮುರುಗಾಗುತ್ತೆ.

ಯಾಕಂದ್ರೆ ಗುರುತು ಅನ್ನೋದು ಕೆಲಸ ಮಾಡೋದು ಬೇರೆಯಾಗಿ ಕಂಡಾಗ. ರೋಮಿನಲ್ಲಿ ಚಿತೆಗಳ ನಡುವೆ ಹೂತ ಹೆಣ ಏನೋ ಹೇಳ್ತಿತ್ತು. ನಮ್ಮ ಕಡೆ ಎಲ್ಲರೂ ಹೂಳ್ತಾರೆ. ಇಲ್ಲಿ ಕ್ರೈಸ್ತನೊಬ್ಬನನ್ನು ಹೂತರೆ ಅದು ಪುನರುತ್ಥಾನದ ಸಾಕ್ಷಿ ಅಂತ ಊರಿನವರು ಯಾರೂ ಓದೋದಿಲ್ಲ. ಅಪ್ಪ ಅಜ್ಜ ಹೋದ ದಾರಿಯಲ್ಲಿ ಇವನೂ ಹೋದ ಅಂತಾರೆ ಅಷ್ಟೆ. ಬೇರೆ ಅಂತ ಕಾಣೋದು ತಲೆದೆಸೆಯಲ್ಲಿ ನೆಟ್ಟ ಶಿಲುಬೆಯೊಂದೇ.

ಅದೂ ಅಲ್ಲದೆ, ಸತ್ತ ಮೈಗೊಂದು ಮನೆ ಬೇಕು ಅನ್ನೋದನ್ನು ನಮ್ಮ ಜಿಲ್ಲೆಗೆ ಯಾವ ಪಾದ್ರಿಯೂ ಬಂದು ಕಲಿಸಬೇಕಾಗಿರಲಿಲ್ಲ. ಗಂಗಾವತಿಯಿಂದ ಸ್ವಲ್ಪ ದೂರದ ಹಿರೇಬೆಣಕಲ್ ಗುಡ್ಡ ಹತ್ತಿದರೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಶಿಲಾಗೋರಿಗಳು. ನಾನೂರರ ಹತ್ತಿರ ಇವೆ ಅಂತ ಪುರಾತತ್ವದವರ ಲೆಕ್ಕ. ಎರಡು ಸಾವಿರ ವರ್ಷಕ್ಕೂ ಹಳೇವು. ಕೆಲವಕ್ಕೆ ಎದುರಿನ ಚಪ್ಪಡಿಯಲ್ಲಿ ಉರುಟು ಕಿಂಡಿ. ಫಿಲಿಪ್ ಮೆಡೋಸ್ ಟೇಲರ್ 1835ರಷ್ಟು ಹಿಂದೆಯೇ ಇದರ ಬಗ್ಗೆ ಬರೆದ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಊರವರಿಗೆ ಅವು ಮೋರೇರ ಮನೆಗಳು. ಗಿಡ್ಡ ಜನ ಬದುಕಿದ್ದ ಮನೆ ಅಂತ ಕತೆ. ಗೋರಿ ಅನ್ನೋದಿಲ್ಲ ನೋಡಿ, ಮನೆ ಅಂತಾರೆ. ಬಂಡೆ ಸೀಳಿ, ಚಪ್ಪಡಿ ಎಬ್ಬಿಸಿ, ಗುಡ್ಡದ ಮೇಲೆ ಇಷ್ಟು ಕಷ್ಟಪಟ್ಟವರು ಏನು ನಂಬಿದ್ದರೋ ಯಾರಿಗೆ ಗೊತ್ತು. ಇವರು ಇಲ್ಲೇ ಇರಬೇಕು ಅಂತ ಬಯಸಿದ್ದರು ಅನ್ನೋದಂತೂ ಕಣ್ಣಿಗೆ ಕಾಣುತ್ತೆ.

ಅಲ್ಲಿಂದ ಆನೆಗೊಂದಿಗೆ ಹೋಗಿ, ತೆಪ್ಪದಲ್ಲಿ ತುಂಗಭದ್ರೆ ದಾಟಿದರೆ ನವವೃಂದಾವನದ ನಡುಗಡ್ಡೆ. ಒಂಬತ್ತು ಮಾಧ್ವ ಯತಿಗಳ ವೃಂದಾವನ. ಗೃಹಸ್ಥರನ್ನು ಸುಡುವ ಸಮುದಾಯ, ಆದರೆ ತನ್ನ ಸನ್ಯಾಸಿಗಳನ್ನು ಮಣ್ಣಿಗೇ ಇಡುತ್ತೆ. 2019ರ ಜುಲೈನಲ್ಲಿ ನಿಧಿ ಆಸೆಗೆ ಯಾರೋ ವ್ಯಾಸರಾಜರ ವೃಂದಾವನವನ್ನು ಒಡೆದು ಅಗೆದರು. ಸುದ್ದಿ ತಿಳಿದ ಕೂಡಲೇ ಊರೂರಿನಿಂದ ಭಕ್ತರು, ಮಠಗಳವರು ಬಂದು ಹೆಚ್ಚು ತಡ ಮಾಡದೆ ಮತ್ತೆ ಕಟ್ಟಿದರು. ಆತ್ಮಕ್ಕೆ ಸಾವಿಲ್ಲ, ದೇಹ ಹಳೇ ಬಟ್ಟೆ ಅಂತ ದಿನಾ ಪಾಠ ಹೇಳುವವರಿಗೂ ಐನೂರು ವರ್ಷದ ಹಿಂದೆ ಮಣ್ಣಾದ ಗುರುವಿನ ಜಾಗ ಕೆದರಿದಾಗ ಕರುಳು ಕಿವುಚಿತು. ಆ ನಡುಗಡ್ಡೆಯಲ್ಲಿ ಆರಾಧನೆ ಯಾರು ಮಾಡಬೇಕು ಅನ್ನೋ ಮಠಗಳ ವ್ಯಾಜ್ಯ ಕೋರ್ಟಿಗೂ ಹೋಗಿದೆ. ಇನ್ನು ಕೊಪ್ಪಳದ ಗವಿಮಠದ ಜಾತ್ರೆ ಗೊತ್ತಿಲ್ಲದವರಿಲ್ಲ. ಲಕ್ಷಗಟ್ಟಲೆ ಜನ ಸೇರಿ ಕೈ ಮುಗಿಯೋದು ಗದ್ದುಗೆಗೆ.

ಹಾಗಾಗಿ "ಕ್ರೈಸ್ತರಿಗೆ ಮಾತ್ರ ಯಾಕೆ ಈ ಮಣ್ಣಿನ ಹಟ" ಅನ್ನೋ ಪ್ರಶ್ನೆ ಈ ನಾಡಿನಲ್ಲಿ ನಿಲ್ಲೋದಿಲ್ಲ. ಸುಟ್ಟವರದ್ದೂ ಇದೇ ಕತೆ. ವಿಷ್ಣುವರ್ಧನ್ ಅವರನ್ನು 2009ರ ಕೊನೆಗೆ ಅಭಿಮಾನ್ ಸ್ಟುಡಿಯೋದಲ್ಲಿ ಸುಟ್ಟರು. ಮೈಸೂರಿನಲ್ಲಿ ಸರ್ಕಾರ ಸ್ಮಾರಕ ಕಟ್ಟಿದ ಮೇಲೂ ಅಭಿಮಾನಿಗಳಿಗೆ ಬೇಕಾಗಿದ್ದು ಚಿತೆ ಉರಿದ ಆ ತುಂಡು ನೆಲವೇ.

ಬೈಬಲ್ಲಿಗೇ ಬರೋಣ. ಸುಡಬಾರದು ಅಂತ ಅಲ್ಲಿ ನೇರ ಆಜ್ಞೆ ಏನೂ ಇಲ್ಲ. ಸೌಲ ರಾಜನ ಮೈಯನ್ನು ಯಾಬೇಷಿನವರು ಸುಟ್ಟು ಮೂಳೆಗಳನ್ನು ಮರದ ಕೆಳಗೆ ಹೂತರು ಅಂತ ಇದೆ. ಆದರೆ ನನ್ನ ಕಣ್ಣಿಗೆ ಬಿದ್ದಿದ್ದು ಆದಿಕಾಂಡದ 23ನೇ ಅಧ್ಯಾಯ. ಸಾರಾ ತೀರಿಕೊಂಡಿದ್ದಾಳೆ. ಅಬ್ರಹಾಮ ಪರದೇಶಿ, ಆ ನೆಲದಲ್ಲಿ ಅವನಿಗೆ ಹೆಜ್ಜೆ ಊರುವಷ್ಟು ಸ್ವಂತ ಜಾಗ ಇಲ್ಲ. ಹಿತ್ತಿಯರ ಎದುರು ತಲೆಬಾಗಿ ನಿಂತು ಹೆಂಡತಿಯನ್ನು ಹೂಳೋಕೆ ಜಾಗ ಕೇಳ್ತಾನೆ. ಪುಕ್ಕಟೆ ತಗೋ ಅಂದರೂ ಒಪ್ಪದೆ, ಊರ ಬಾಗಿಲಲ್ಲಿ ಎಲ್ಲರ ಸಾಕ್ಷಿಯಾಗಿ ನಾನೂರು ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಮಕ್ಪೇಲದ ಗವಿ, ಹೊಲ, ಹೊಲದ ಮರಗಳ ಸಮೇತ ಖರೀದಿ ಮಾಡ್ತಾನೆ. ಬೈಬಲ್ಲು ವಿವರವಾಗಿ ಹೇಳುವ ಮೊದಲ ಶವಸಂಸ್ಕಾರವೇ ಒಂದು ಪಕ್ಕಾ ಖರೀದಿ ಪತ್ರ! ಅಬ್ರಹಾಮನಿಗೆ ಗೊತ್ತಿತ್ತು, ಬಾಯಿಮಾತಿನಲ್ಲಿ ಕೊಟ್ಟ ಜಾಗವನ್ನು ನಾಳೆ ಬಾಯಿಮಾತಿನಲ್ಲೇ ಕಿತ್ತುಕೊಳ್ಳಬಹುದು ಅಂತ. ಹೊಸ ಒಡಂಬಡಿಕೆಯಲ್ಲೂ ಅಷ್ಟೆ. ಯೇಸುವಿನ ಮೈ ಇಟ್ಟಿದ್ದು ಇನ್ನೊಬ್ಬರ ಸಮಾಧಿಯಲ್ಲಿ. ಯೂದ ವಾಪಸ್ ಎಸೆದ ಮೂವತ್ತು ಬೆಳ್ಳಿ ನಾಣ್ಯಗಳಲ್ಲಿ ಯಾಜಕರು ಕೊಂಡಿದ್ದು ಪರದೇಶಿಗಳನ್ನು ಹೂಳೋಕೆ ಕುಂಬಾರನ ಹೊಲ.

ಇದನ್ನೆಲ್ಲ ಇಟ್ಟುಕೊಂಡು 2016ರ ದಸ್ತಾವೇಜಿಗೆ ವಾಪಸ್ ಬಂದರೆ ಒಂದು ಮಾತು ಚುಚ್ಚುತ್ತೆ. ಸುಡೋದಕ್ಕೆ ನೈರ್ಮಲ್ಯದ, ಹಣಕಾಸಿನ ಅಥವಾ ಸಾಮಾಜಿಕ ಕಾರಣ ಇರಬಹುದು ಅಂತ ನಾಲ್ಕನೇ ಅಂಕ ಹೇಳುತ್ತೆ. 'ಸಾಮಾಜಿಕ' ಅಂದಾಗ ಬರೆದವರ ಮನಸ್ಸಿನಲ್ಲಿದ್ದದ್ದು ಜರ್ಮನಿಯ, ಇಟಲಿಯ ಕುಟುಂಬ ಇರಬೇಕು: ಮಕ್ಕಳು ದೂರದಲ್ಲಿದ್ದಾರೆ, ಗೋರಿ ನೋಡಿಕೊಳ್ಳೋರಿಲ್ಲ, ಆ ಥರ. ನಮ್ಮಲ್ಲಿ ಸಾಮಾಜಿಕ ಕಾರಣ ಅಂದ್ರೆ ಹಾರಿ ಸಲಿಕಿ ಹಿಡಿದು ಬಂದವರನ್ನು ಊರ ಮಂದಿ ಅಡ್ಡಗಟ್ಟೋದು. ಆಯ್ಕೆ ಮಾಡಿಕೊಳ್ಳುವವನಿಗೆ ಬರೆದ ನಿಯಮ ಇದು. ಸಮಾಧಿಭೂಮಿ ಅನ್ನೋದು ಎಲ್ಲೆಡೆ ಇದ್ದೇ ಇದೆ ಅಂದುಕೊಂಡು ಬರೆದದ್ದು.

ಸಮಾಧಿಭೂಮಿ ಇದ್ದಲ್ಲಿ ಈ ನಿಯಮ ಚೆನ್ನಾಗೇ ನಡೆಯುತ್ತೆ, ಅದನ್ನೂ ಹೇಳಬೇಕು. 2020ರ ಜುಲೈನಲ್ಲಿ ಕೇರಳದ ಆಲಪ್ಪುಳ ಲ್ಯಾಟಿನ್ ಧರ್ಮಪ್ರಾಂತ್ಯ ಕೋವಿಡ್‌ನಿಂದ ಸತ್ತವರನ್ನು ಸುಡಲು ಒಪ್ಪಿತು. ಕಾರಣ ಸರಳ. ಅದು ಕಡಲಂಚಿನ ನೆಲ, ನಾಲ್ಕಡಿ ಅಗೆದರೆ ನೀರು. ಸರ್ಕಾರ ಹೇಳಿದಷ್ಟು ಆಳ ತೋಡೋಕೇ ಆಗಲ್ಲ. ಚರ್ಚಿನ ಸಮಾಧಿಭೂಮಿಯ ಒಳಗೇ ಸುಟ್ಟು, ಬೂದಿಯನ್ನು ಅಲ್ಲೇ ಹೂತರು. ವಿಧಾನ ಬದಲಾಯ್ತು, ಜಾಗ ಬದಲಾಗಲಿಲ್ಲ. ಯಾರ ನಂಬಿಕೆಯೂ ಕುಸಿಯಲಿಲ್ಲ.

ಅದೇ ವರ್ಷ ಏಪ್ರಿಲ್ಲಿನಲ್ಲಿ ಚೆನ್ನೈನಲ್ಲಿ ಆಗಿದ್ದು ತದ್ವಿರುದ್ಧ. ಡಾ. ಸೈಮನ್ ಹರ್ಕ್ಯುಲಿಸ್ ಅನ್ನೋ ನರರೋಗ ಶಸ್ತ್ರವೈದ್ಯರು ಕೋವಿಡ್‌ನಿಂದ ತೀರಿಕೊಂಡರು. ಕೀಲ್ಪಾಕ್ ಸಮಾಧಿಭೂಮಿಗೆ ಒಯ್ಯೋಕೆ ಬಿಡಲಿಲ್ಲ. ಇನ್ನೊಂದು ಕಡೆ ಒಯ್ದಾಗ ಗುಂಪು ಕಲ್ಲು ಬಡಿಗೆ ಹಿಡಿದು ಬಂತು, ಆಂಬುಲೆನ್ಸ್ ಒಡೆಯಿತು. ಕೊನೆಗೆ ಜೊತೆಯ ವೈದ್ಯರೇ ರಾತ್ರೋರಾತ್ರಿ ಮಣ್ಣು ಎಳೆದು ಮುಚ್ಚಿ ಬಂದರು. ಅಂದ್ರೆ ಮಣ್ಣು ಸಿಕ್ಕಿತು. ಆದರೂ ಅವರ ಹೆಂಡತಿ ಸುಮ್ಮನಾಗಲಿಲ್ಲ. ಗಂಡನನ್ನು ಕೀಲ್ಪಾಕ್‌ನಲ್ಲೇ ಇಡಬೇಕು ಅಂತ ಕೋರ್ಟಿಗೆ ಹೋದರು. 2021ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ ಹೊರತೆಗೆದು ಅಲ್ಲಿಗೆ ಒಯ್ಯಲು ಅನುಮತಿ ಕೊಟ್ಟಿತು. ಮೈ ಹೂತಾಗಿದೆ, ಪ್ರಾರ್ಥನೆ ಎಲ್ಲಿಂದ ಮಾಡಿದರೂ ದೇವರಿಗೆ ಕೇಳುತ್ತೆ. ಮತ್ತೆ ಒಂದು ವರ್ಷದ ಓಡಾಟ ಯಾಕೆ? ಇದಕ್ಕೆ ಉತ್ತರ ಆ ದಸ್ತಾವೇಜಿನ ಎರಡನೇ ಕಾರಣದಲ್ಲಿದೆ, ಮೊದಲನೆಯದರಲ್ಲಿ ಇಲ್ಲ.

ಸುಟ್ಟುಬಿಡಬಾರದಾ ಅನ್ನುವವರಿಗೆ ಅದೇ ತಿಂಗಳ ಬಂಟ್ವಾಳದ ಘಟನೆಯನ್ನೂ ನೆನಪಿಸಬೇಕು. ಕೋವಿಡ್‌ನಿಂದ ತೀರಿಕೊಂಡ ವೃದ್ಧೆಯೊಬ್ಬರ ಶವವನ್ನು ಸುಡೋಕೆ ಮಂಗಳೂರಿನಲ್ಲಿ ಸ್ಥಳೀಯರು ಬಿಡಲಿಲ್ಲ. ಅಲ್ಲಿ ಇಲ್ಲಿ ಅಲೆದು, ಕೊನೆಗೆ ಬಂಟ್ವಾಳದ ಕೈಕುಂಜೆಯಲ್ಲಿ ರಾತ್ರಿ ಮುಗಿಸಿದರು. ಬೆಂಕಿಗೂ ಜಾಗ ಬೇಕು. ನಮ್ಮವರಲ್ಲ ಅಂದ ಮೇಲೆ ಹೂತರೇನು, ಸುಟ್ಟರೇನು.

ನಮ್ಮ ಜಿಲ್ಲೆಯಲ್ಲಿ ಯಾರು ನಮ್ಮವರು, ಯಾರು ಅಲ್ಲ ಅನ್ನೋದು ಇನ್ನೂ ಹಳೇ ಲೆಕ್ಕದಲ್ಲೇ ನಡೆಯೋದು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹಿನ್ನೆಲೆಯಲ್ಲಿದ್ದದ್ದು ಕ್ಷೌರದಂಗಡಿ, ಹೋಟೆಲಿನೊಳಗೆ ಬಿಡೋದಿಲ್ಲ ಅನ್ನೋ ತಕರಾರು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ದಲಿತರ ಪುಟ್ಟ ಮಗುವೊಂದು ಗುಡಿಯೊಳಗೆ ಹೋಯ್ತು ಅಂತ ತಂದೆತಾಯಿಗೆ ದಂಡ ಹಾಕಿದ್ದು ದೇಶಕ್ಕೆಲ್ಲ ಗೊತ್ತಾಯ್ತು. ಬದುಕಿದ್ದಾಗ ಎಲ್ಲಿ ಕಾಲಿಡಬೇಕು ಅಂತ ಊರು ಹೇಳುವಲ್ಲಿ, ಸತ್ತ ಮೇಲೆ ಎಲ್ಲಿ ಕಾಲು ಚಾಚಬೇಕು ಅಂತಲೂ ಊರೇ ಹೇಳೋದು. ನಾನು ಕಂಡ ಹಳ್ಳಿಗಳಲ್ಲಿ ಜಾತಿಗೊಂದು ಸುಡಗಾಡು. ಹೆಚ್ಚಿನವಕ್ಕೆ ಪಹಣಿ ಇಲ್ಲ, ಸರ್ವೆ ಕಲ್ಲಿಲ್ಲ. ಹಳ್ಳದ ಈಚೆ ಅವರದು, ಆಚೆ ಇವರದು ಅನ್ನೋ ಬಾಯಿಮಾತು. ಎಷ್ಟೋ ಕಡೆ ಅದೂ ಇಲ್ಲ, ರಸ್ತೆ ಬದಿಗೇ ಕುಣಿ. ಊರೂರಿಗೂ ಆರು ತಿಂಗಳೊಳಗೆ ಸ್ಮಶಾನಕ್ಕೆ ಜಾಗ ಕೊಡಿ ಅಂತ ಕರ್ನಾಟಕ ಹೈಕೋರ್ಟ್ 2019ರಲ್ಲಿ ಸರ್ಕಾರಕ್ಕೆ ಹೇಳಿತು. ಮೂರು ವರ್ಷ ಕಳೆದ ಮೇಲೂ ಅದೇ ಕೋರ್ಟು ಯಾಕೆ ಕೊಟ್ಟಿಲ್ಲ ಅಂತ ನಿಂದನೆ ಅರ್ಜಿ ವಿಚಾರಣೆ ಮಾಡ್ತಾ ಕೂತಿತ್ತು. ನೀರಾವರಿ ಬಂದ ಗಂಗಾವತಿ ಕಡೆಯಂತೂ ಒಂದೊಂದು ಗುಂಟೆಗೂ ಭತ್ತದ ಬೆಲೆ.

ಇದರ ನಡುವೆ ನಮ್ಮ ಹಳ್ಳಿಗಳ ಕ್ರೈಸ್ತರನ್ನು ಇಟ್ಟು ನೋಡಿ. ಹತ್ತಿರದ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದ ಕ್ಯಾಥೊಲಿಕ್ಕರಿದ್ದಾರೆ, ಅವರಿಗೆ ಚರ್ಚು, ಗೋರಿ ಎಲ್ಲ ಉಂಟು. ನಾನು ಹೇಳ್ತಿರೋದು ಅವರ ಬಗ್ಗೆ ಅಲ್ಲ. ಕೇರಿಯಲ್ಲಿ ಎರಡೋ ಮೂರೋ ಮನೆ, ತಗಡಿನ ಪ್ರಾರ್ಥನಾ ಮನೆ, ತಿಂಗಳಿಗೊಮ್ಮೆ ಬೈಕಿನಲ್ಲಿ ಬರುವ ಪಾಸ್ಟರ್. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು. ಕ್ರೈಸ್ತರು, ಮುಸಲ್ಮಾನರು ಹೊರಗೇ ಉಳಿದರು. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಾಗದದ ಮೇಲೆ ಒಂದು, ಭಾನುವಾರ ಇನ್ನೊಂದು. ಬದುಕಿರುವಷ್ಟು ದಿನ ಈ ಎರಡನ್ನೂ ತೂಗಿಸಿಕೊಂಡು ಹೋಗಬಹುದು. ಸತ್ತ ದಿನ ಆಗೋದಿಲ್ಲ. ಶಿಲುಬೆ ನೆಟ್ಟರೆ ಮಕ್ಕಳ ಸರ್ಟಿಫಿಕೇಟಿಗೆ ಎಲ್ಲಿ ತೊಂದರೆಯೋ ಅಂತ ಭಯ. ನೆಡದಿದ್ದರೆ ಪಾಸ್ಟರಿಗೆ ಬೇಸರ. ಊರವರು ಒಪ್ಪಿದರೆ ತಮ್ಮವರ ಸುಡಗಾಡಿನಲ್ಲೇ ಹೂತು ಮೇಲೆ ಬರೀ ಕಲ್ಲು ಪೇರಿಸ್ತಾರೆ.

ನನ್ನ ಜೊತೆ ಓದಿದ ಗೆಳೆಯನೊಬ್ಬನ ಅಪ್ಪ ಹಾಗೆ ನಂಬಿದವರು. ಅವರಿಗೆ ಕಾಯಿಲೆ ಜೋರಾದಾಗ ತಾಲ್ಲೂಕಿನ ಪೇಟೆಯಲ್ಲಿ ಒಳ್ಳೇ ಗೋಡೆ ಕಟ್ಟಿದ ಸಮಾಧಿಭೂಮಿ ಇದೆ, ಅಲ್ಲೇ ಇಡೋಣ ಅಂತ ಮಾತು ಬಂತಂತೆ. ಒಪ್ಪಲಿಲ್ಲ. ನೋಡೋಕೆ ಹೋದಾಗ ನನ್ನ ಹತ್ತಿರವೂ ಅದೇ ಹೇಳಿದರು: "ಅಲ್ಲೋ ತಮ್ಮಾ, ಯೇಸಪ್ಪ ಕೊನೀ ದಿನ ಎಬ್ಬಸ್ತಾನ ಅಂತೀವಿ. ಎದ್ದ ಮ್ಯಾಲ ಗುರ್ತಿನ ಮಂದಿ ಕಾಣಬೇಕೋ ಬ್ಯಾಡೋ? ನಮ್ಮವ್ವ ಇಲ್ಲೇ ಅದಾಳ." ಅವರವ್ವ ಕ್ರೈಸ್ತಳಲ್ಲ, ದುರಗವ್ವನ ಭಕ್ತೆ. ದೇವರು ಅವಳನ್ನು ಎಬ್ಬಿಸ್ತಾನೋ ಇಲ್ಲವೋ ಅನ್ನೋ ತರ್ಕಕ್ಕೆ ಅವರು ಹೋಗಲಿಲ್ಲ. ಕಾರ್ಡಿನಲ್ಲರ ಎಂಟು ಅಂಕಗಳು ಎರಡು ಬೇರೆ ಬೇರೆ ಕಾರಣ ಮಾಡಿಕೊಂಡಿದ್ದನ್ನು ಆ ಮನುಷ್ಯ ಒಂದೇ ಮಾಡಿದ್ದರು. ಸದ್ಯ, ಅವರಿಗೆ ಊರಲ್ಲೇ ಜಾಗ ಸಿಕ್ಕಿತು. ಕುಣಿ ತೋಡಿದವರು ಕೇರಿಯ ಹುಡುಗರು, ಅವರಲ್ಲಿ ಒಬ್ಬನೂ ಕ್ರೈಸ್ತನಲ್ಲ.

ಬಸ್ತರಿನ ಛಿಂದವಾಡಾದ ಪಾಸ್ಟರಿಗೆ ಅದು ಸಿಗಲಿಲ್ಲ. 2025ರ ಜನವರಿ 7ಕ್ಕೆ ತೀರಿಕೊಂಡವರು. ಅವರ ಹಿರಿಯರಲ್ಲಿ ಕೆಲವರನ್ನು ಅದೇ ಊರಲ್ಲಿ ಹೂತಿದ್ದರು. ಪಂಚಾಯಿತಿ ಹಿಂದಿನಿಂದ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ ಅಂತ ಮಗನ ವಾದ. ಬಾಯಿಮಾತು! ಹೈಕೋರ್ಟು ಶಾಂತಿಭಂಗ ಆಗುತ್ತೆ ಅಂತ ಒಪ್ಪಲಿಲ್ಲ. ಇಪ್ಪತ್ತು ದಿನ ಶವ ಮಾರ್ಚರಿಯಲ್ಲಿ. ಜನವರಿ 27ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಕುಟುಂಬದ ಸ್ವಂತ ಹೊಲದಲ್ಲಿ ಹೂಳಲಿ ಅಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ, ಎಲ್ಲಿ ಬೇಕಾದರಲ್ಲಿ ಹೂಳುವ ಹಕ್ಕು ಅಂತೇನಿಲ್ಲ, ಗೊತ್ತುಮಾಡಿದ ಜಾಗದಲ್ಲೇ ಆಗಬೇಕು ಅಂದರು. ದೊಡ್ಡ ಪೀಠಕ್ಕೆ ಕಳಿಸಿದರೆ ಇನ್ನೆಷ್ಟು ದಿನವೋ ಅಂತ ಕೊನೆಗೆ ಇಬ್ಬರೂ ಸೇರಿ, ಇಪ್ಪತ್ತು ಕಿಲೋಮೀಟರಿಗೂ ಆಚೆ ಕರಕಾಪಾಲ್ ಅನ್ನೋ ಊರಿನ ಕ್ರೈಸ್ತ ಸಮಾಧಿಭೂಮಿಯಲ್ಲಿ, ಪೊಲೀಸ್ ಭದ್ರತೆಯಲ್ಲಿ ಹೂಳಲು ಆದೇಶ ಕೊಟ್ಟರು.

ಇದನ್ನು ಓದ್ತಾ ಅನಂತಮೂರ್ತಿಯವರ 'ಸಂಸ್ಕಾರ' ನೆನಪಾಗದೆ ಇರೋದಿಲ್ಲ. ಕಾಲೇಜಿನಲ್ಲಿದ್ದಾಗ ಮೊದಲು ಓದಿದಾಗ, ಹೂಳುವ ಊರಿನಿಂದ ಬಂದ ನನಗೆ ಅದರ ಬಿಕ್ಕಟ್ಟು ದೂರದ್ದು ಅನ್ನಿಸಿತ್ತು. ಈಗ ಅದರ ಒಂದು ವಿವರ ದೊಡ್ಡದಾಗಿ ಕಾಣ್ತಾ ಇದೆ. ನಾರಣಪ್ಪನ ಹೆಣ ಎತ್ತುವವರೆಗೂ ಅಗ್ರಹಾರದ ಯಾರೂ ಊಟ ಮಾಡುವ ಹಾಗಿಲ್ಲ. ಅವನನ್ನು ಬೇಡ ಅಂದವರ ಹೊಟ್ಟೆಯೂ ಉರಿಯುತ್ತೆ, ಅವರ ಮೂಗಿಗೂ ನಾತ ಬಡಿಯುತ್ತೆ. ಕೊನೆಗೆ ಅವನನ್ನು ಸುಟ್ಟಿದ್ದು ಚಂದ್ರಿ, ಅಹಮದ್ ಬ್ಯಾರಿಯ ಗಾಡಿ. ನಿಜ. ಆದರೂ ಹೆಣ ಬಿದ್ದಷ್ಟು ಹೊತ್ತು ಅದು ಊರಿನ ಹೆಣವೇ ಆಗಿತ್ತು. ಮಾರ್ಚರಿ ಬಂದ ಮೇಲೆ ಆ ಒತ್ತಡ ಇಲ್ಲ. ಪೆಟ್ಟಿಗೆ ತಣ್ಣಗಿದೆ, ನಾತ ಬರೋದಿಲ್ಲ. ಬೇಡ ಅಂದವರು ಇಪ್ಪತ್ತು ದಿನವೂ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣಬಹುದು. ಉಪವಾಸ, ನಿದ್ದೆಗೇಡು ಎಲ್ಲಾ ಮಗನ ಪಾಲಿಗೆ.

ತೀರ್ಪಿನ ಇನ್ನೊಂದು ಭಾಗವನ್ನು ಪತ್ರಿಕೆಗಳು ಮೆಚ್ಚಿ ಬರೆದವು: ರಾಜ್ಯದ ಉದ್ದಗಲಕ್ಕೂ ಕ್ರೈಸ್ತರಿಗೆಂದೇ ಪ್ರತ್ಯೇಕ ಸಮಾಧಿಭೂಮಿಗಳನ್ನು ಎರಡು ತಿಂಗಳೊಳಗೆ ಗುರುತಿಸಬೇಕು ಅಂತ. ಏನೂ ಇಲ್ಲದವರಿಗೆ ಅದು ದೊಡ್ಡದೇ. ಗಡಿ ಕಲ್ಲು ನೆಟ್ಟು ಪಹಣಿಯಲ್ಲಿ ಬರೆದ ಜಾಗ ಅಬ್ರಹಾಮನಿಗೂ ಬೇಕಾಗಿತ್ತು. ಆದರೆ ನನಗೆ ನ್ಯಾಯಮೂರ್ತಿ ನಾಗರತ್ನ ಅವರ ಒಂಟಿ ಅಭಿಪ್ರಾಯವೇ ಸರಿ ಕಾಣುತ್ತೆ. ತಾಲ್ಲೂಕಿಗೆ ಒಂದೋ ಎರಡೋ ಕಡೆ ಗೋಡೆ ಕಟ್ಟಿ ಇದು ನಿಮ್ಮದು ಅಂದ ದಿನದಿಂದ, ಊರಿನಲ್ಲಿ ಇದು ನಿಮ್ಮದಲ್ಲ ಅನ್ನೋದು ಸುಲಭವಾಗುತ್ತೆ. ಗೆಳೆಯನ ಅಪ್ಪನಿಗೆ ಪೇಟೆಯ ಸಮಾಧಿಭೂಮಿ ತೋರಿಸಿದವರೂ ಒಳ್ಳೇ ಮನಸ್ಸಿನಿಂದಲೇ ತೋರಿಸಿದ್ದರು.

ಸಹೋದ್ಯೋಗಿಗೆ ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆದೆ. ಅಂದ ಹಾಗೆ, ಹಿರೇಬೆಣಕಲ್ ನೋಡಬೇಕು ಅಂತ ಅವರು ಬಹಳ ದಿನದಿಂದ ಹೇಳ್ತಿದ್ದಾರೆ. ಮಳೆಗಾಲ ಮುಗಿದ ಮೇಲೆ ಕರೆದುಕೊಂಡು ಹೋಗ್ತೀನಿ. ಬಿಸಿಲೇರುವ ಮೊದಲು ಗುಡ್ಡ ಹತ್ತಬೇಕು, ಮೇಲೆ ಅಂಗಡಿ ಗಿಂಗಡಿ ಏನಿಲ್ಲ, ನೀರು ನಾವೇ ಒಯ್ಯಬೇಕು.